ಒಳಗೆ ಬಟ್ಟೆ ಬಿಡದ ಕುರ್ತಾ

ದಾವಣಗೆರೆಯಲ್ಲಿ ಜ್ಞಾನೇಶ ಎಂಬ ಲೇಡೀಸ್ ಟೈಲರ್ ಇದ್ದ. ಟೇಪು ಹಿಡಿಯದೆ ಕತ್ತರಿ ಹಿಡಿದವನಲ್ಲ. ಹಳೇ ಗಿರಾಕಿಯಾದರೂ ಪ್ರತಿ ಸಲ ಹೊಸದಾಗಿ ಅಳತೆ ತೆಗೆಯುತ್ತಿದ್ದ. ಹೊಲಿಗೆಯ ಒಳಗೆ ಒಂದಿಷ್ಟು ಬಟ್ಟೆ ಮಡಚಿ ಬಿಡುತ್ತಿದ್ದ. ಮುಂದೆ ಮೈ ತುಂಬಿಕೊಂಡರೆ ಹೊಲಿಗೆ ಬಿಚ್ಚಿ ಸಡಿಲ ಮಾಡಲು ಅದು ಬೇಕು. ಇಂಥ ಜಾಣ, ಪ್ರೀತಿಯ ವಿಷಯದಲ್ಲಿ ಏನು ಮಾಡಿದ ನೋಡಿ.

ಮೂವತ್ತು ದಾಟಿದ್ದ ಅವನಿಗೆ ಒಂಟಿತನ ಸಾಕಾಗಿತ್ತು. ಡೇಟಿಂಗ್ ಆ್ಯಪಿನಲ್ಲಿ ಸುಚೇತಾ ಸಿಕ್ಕಳು. ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಅವಳಿಗೆ ಕೆಲಸ. ನಾಲ್ಕು ಮಾತಾಡುವಷ್ಟರಲ್ಲಿ ಇವನ ತಲೆಯೊಳಗೆ ಸಂಸಾರವೇ ಶುರುವಾಯಿತು. ಅವಳದು ಮಾತು ಕಡಿಮೆ, ನಾಚಿಕೆ ಜಾಸ್ತಿ, ತನಗೆ ಅವಳ ಮೇಲೆ ಎಷ್ಟು ಆಸೆಯೋ ಅವಳಿಗೂ ತನ್ನ ಮೇಲೆ ಅಷ್ಟೇ ಆಸೆ ಎಂದು ತಾನೇ ತೀರ್ಮಾನಿಸಿದ. ಅವಳನ್ನು ಕೇಳಿದನೇ? ಇಲ್ಲ. ಫೋಟೊ ನೋಡಿಯೇ ಅಳತೆ ಅಂದಾಜು ಮಾಡಿ ಅವಳಿಗೊಂದು ಗುಲಾಬಿ ಕುರ್ತಾ ಹೊಲಿದ. ಹೊಲಿಗೆ ನಾಜೂಕಾಗಿ ಕೂರಲೆಂದು ಒಳಗಿನ ಬಟ್ಟೆಯನ್ನೂ ಕತ್ತರಿಸಿ ಎಸೆದ.

ಮೊದಲ ಭೇಟಿ ಬೆಣ್ಣೆದೋಸೆ ಹೋಟೆಲಿನಲ್ಲಿ. ಸುಚೇತಾ ನಾಚಲಿಲ್ಲ. ಗಟ್ಟಿಯಾಗಿ ನಕ್ಕಳು, ಇನ್ನೊಂದು ದೋಸೆ ತರಿಸಿದಳು, ಲ್ಯಾಬಿನಲ್ಲಿ ಸೂಜಿ ಕಂಡು ಓಡಿಹೋದ ಪೈಲ್ವಾನನ ಕಥೆ ಹೇಳಿದಳು. ಜ್ಞಾನೇಶನ ಮುಖ ಸಪ್ಪಗಾಯಿತು. ಇವಳು ತಾನು ಅಂದುಕೊಂಡ ಹಾಗಿಲ್ಲವಲ್ಲ ಎಂದು ಅವಳ ಮೇಲೇ ಮುನಿಸು ಬಂತು. ಆದರೂ ಕುರ್ತಾ ತೆಗೆದು ಮುಂದಿಟ್ಟ.

ಅವಳು ಅದರ ತೋಳನ್ನು ತನ್ನ ತೋಳಿನ ಮೇಲಿಟ್ಟು ನೋಡಿದಳು. ತೀರಾ ಬಿಗಿ. ಹೊಲಿಗೆ ಬಿಚ್ಚಿ ಸಡಿಲ ಮಾಡಬಹುದೇ ಎಂದು ಕೇಳಿದಳು. ಒಳಗೆ ಬಟ್ಟೆ ಬಿಟ್ಟಿಲ್ಲ ಎಂದು ಜ್ಞಾನೇಶ ತಲೆ ತಗ್ಗಿಸಿ ಒಪ್ಪಿಕೊಂಡ. ಸುಚೇತಾಗೆ ಸಿಟ್ಟಿಗಿಂತ ಕುತೂಹಲವೇ ಹೆಚ್ಚಾಯಿತು.

“ಅಂಗಡಿಗೆ ಬರೋರಿಗೂ ಹಿಂಗೇ ಫೋಟೊ ನೋಡಿ ಹೊಲೀತೀರೇನು?”

“ಇಲ್ಲ. ಅವರನ್ನ ಕೇಳ್ತೀನಿ, ಅಳತೆ ತಗೋತೀನಿ.”

“ಮತ್ತೆ ನನ್ನನ್ನ ಯಾಕೆ ಕೇಳಲಿಲ್ಲ?”

ಜ್ಞಾನೇಶನಿಗೆ ಈಗ ಅರಿವಾಯಿತು: ಗಿರಾಕಿಗೆ ಕೊಡುವ ಮರ್ಯಾದೆಯನ್ನು ತಾನು ಮೆಚ್ಚಿದವಳಿಗೆ ಕೊಟ್ಟಿರಲಿಲ್ಲ. ಆ ದಿನ ಆ ಟೇಬಲ್ಲಿನಲ್ಲಿ ನಾಚಿದ್ದು ಅವನೊಬ್ಬನೇ. ಕುರ್ತಾ ಮಡಚಿ ಚೀಲಕ್ಕೆ ಹಾಕಿಕೊಂಡ. ನಿಮಗೇನಿಷ್ಟ, ನನ್ನ ಬಗ್ಗೆ ನಿಮಗೇನನಿಸುತ್ತದೆ ಎಂದು ಮೊದಲ ಸಲ ಕೇಳಿದ.

“ಇನ್ನೂ ಏನೂ ಅನಿಸಿಲ್ಲ,” ಎಂದಳು ಸುಚೇತಾ. “ಆದ್ರೆ ಈಗ ಕೇಳಿದ್ರಲ್ಲ. ಒಂದು ಕಾಫಿ ಹೇಳಿ, ನನಗೇನಿಷ್ಟ ಅಂತ ಹೇಳ್ತೀನಿ.”

ಆ ಮಾತು ಹೌದೆಂದೂ ಅಲ್ಲ, ಇಲ್ಲವೆಂದೂ ಅಲ್ಲ. ಜ್ಞಾನೇಶ ಅದಕ್ಕೆ ತನಗೆ ಬೇಕಾದ ಅರ್ಥ ಹಚ್ಚಲು ಹೋಗಲಿಲ್ಲ. ಕಾಫಿ ಹೇಳಿ, ಅವಳ ಮಾತು ಕೇಳುತ್ತ ಕೂತ.

ನೀತಿ: ಹುಡುಗರೇ, ನಿಮ್ಮ ಆಸೆ ಎಷ್ಟೇ ದೊಡ್ಡದಿರಲಿ, ಅದು ಅವಳ ಮನಸ್ಸಿನ ಅಳತೆಯಲ್ಲ. ಅವಳನ್ನೇ ಕೇಳಬೇಕು. ನೀವು ಅಂದುಕೊಂಡ ಹಾಗೆ ಇರದಿರಲು ಅವಳಿಗೆ ಒಂದಿಷ್ಟು ಜಾಗವನ್ನೂ ಬಿಡಬೇಕು.