ಹೆಂಗಸರಿಲ್ಲದ ಜಾಗ

ರೋಮಿನ ನೆರೆಯ ಎಟ್ರುಸ್ಕನ್ನರ ನಾಡಿನಲ್ಲಿ ಗಂಡಹೆಂಡಿರು ಒಂದೇ ಮಂಚದ ಮೇಲೆ ಒರಗಿ ಉಣ್ಣುವುದು ವಾಡಿಕೆ. ಅಲ್ಲಿನ ಕಬ್ಬಿಣದ ವರ್ತಕ ಆರುನ್ಸನ ಮನೆಗೆ ಕೊಮಿನಿಯಸ್ ಎಂಬ ರೋಮನ್ ಅಧಿಕಾರಿ ಮಧ್ಯಾಹ್ನದ ಊಟಕ್ಕೆ ಬಂದ. ವರ್ಷದ ವ್ಯಾಪಾರವೆಲ್ಲ ಅವನ ಒಂದು ಮಾತಿನ ಮೇಲೆ ನಿಂತಿತ್ತು. ಮನೆಯೊಡತಿ ವೇಲಿಯಾಳನ್ನು ಮಂಚದ ಮೇಲೆ ಕಂಡದ್ದೇ ಅವನು ಮುಖ ಸಿಂಡರಿಸಿದ.

"ಹೆಂಗಸರಿರುವ ಕಡೆ ನಾನು ಉಣ್ಣುವವನಲ್ಲ."

ಹೆಂಡತಿಗೆ ಎದ್ದುಹೋಗು ಎನ್ನಲು ಆರುನ್ಸನಿಗೆ ಬಾಯಿ ಬರಲಿಲ್ಲ. ಬಡಿಸುತ್ತಿದ್ದ ಮುದುಕಿ ಥಾನಾ, "ಅಪ್ಪಣೆ ಸ್ವಾಮಿ" ಎಂದು ಅತಿಥಿಯ ತಟ್ಟೆ, ದಿಂಬು ಎತ್ತಿಕೊಂಡು ಹೊರಟಳು. ಅವನು ಬೀಗುತ್ತ ಹಿಂದೆ ನಡೆದ. ಅವಳು ನಿಂತದ್ದು ಕೊಟ್ಟಿಗೆಯಲ್ಲಿ. ಹುಲ್ಲಿನ ಮೇಲೆ ದಿಂಬು ಹಾಕಿ, ತಟ್ಟೆಯಿಟ್ಟು, ಹೋರಿಯನ್ನು ಕೊಂಚ ಆಚೆ ಸರಿಸಿದಳು.

"ಇದೇನು ಮುದುಕಿ?"

"ಅಡುಗೆಮನೆಯಲ್ಲಿ ನಾವಿದ್ದೇವೆ, ಅಂಗಳದಲ್ಲಿ ನೇಯುವ ಹೆಂಗಸರಿದ್ದಾರೆ. ಈ ಮನೆಯಲ್ಲಿ ಗಂಡಸು ಒಬ್ಬನೇ ಉಣ್ಣುವ ಜಾಗ ಇದೊಂದೇ ಸ್ವಾಮಿ. ಹೋರಿ ಸಾಧು. ನಿಮ್ಮ ತಟ್ಟೆಗೆ ಬಾಯಿ ಹಾಕುವುದಿಲ್ಲ."

ಕೊಮಿನಿಯಸ್ ಹೋರಿಯನ್ನು ನೋಡಿದ. ಹೋರಿ ಮೆಲುಕು ಹಾಕುತ್ತ ಅವನನ್ನೇ ನೋಡಿತು.

ಸ್ವಲ್ಪ ಹೊತ್ತಿಗೆ ಅವನು ತಟ್ಟೆಯನ್ನು ತಾನೇ ಹಿಡಿದು ಒಳಗೆ ಬಂದ. ಥಾನಾ ವೇಲಿಯಾಳಿಗೆ ಮೆಲ್ಲನೆ ಹೇಳಿದಳು:

"ನಮ್ಮ ಹೋರಿಗೆ ಹೊಸಬರ ಜೊತೆ ಉಂಡು ರೂಢಿಯಿಲ್ಲ, ಅವ್ವ. ಪಾಪ, ಸ್ವಾಮಿಯವರೇ ಜಾಗ ಬಿಟ್ಟುಕೊಟ್ಟರು."

ಮೊದಲು ನಕ್ಕವನು ಕೊಮಿನಿಯಸ್ಸೇ. ವ್ಯಾಪಾರ ಕುದುರಿದ್ದು ಆಮೇಲೆ.