ಮರಿಕೋಣೆಯ ತುಪ್ಪ

ಹಾಲಪ್ಪ ತನ್ನ ಜೇನುಗಳನ್ನು ತಾನೇ ಕೊಂದ.

ರೋಗ ಬಂತು ಅಂದ. ಮೇಣದ ಹುಳ ಬಿತ್ತು ಅಂದ. ಪಕ್ಕದ ಹೊಲದವರು ಔಷಧ ಹೊಡೆದರು ಅಂದ. ಎಲ್ಲ ಸುಳ್ಳು. ಹುಚ್ಚೆಳ್ಳಿನ ಹೂ ಮುಗಿದು ಚಳಿ ಕಾಲಿಡುವ ಹೊತ್ತಿನಲ್ಲಿ, ಪೆಟ್ಟಿಗೆಯ ಮೇಲಿನ ಕೋಣೆಯ ಜೇನುತುಪ್ಪ ತೆಗೆದದ್ದು ಸಾಲದೆ, ಕೆಳಗೆ ಮರಿಗಳಿರುವ ಕೋಣೆಗೂ ಕೈಹಾಕಿ ತುಪ್ಪ ತುಂಬಿದ ಮೇಣದ ಎರಿ ಹಿಂಡಿದ. ಜೇನುಗಳು ಚಳಿಗಾಲಕ್ಕೆಂದು ಕೂಡಿಟ್ಟುಕೊಂಡಿದ್ದ ಊಟ ಅದು.

ಯಾಕೆ ಹಿಂಡಿದ? ಕಾರ್ತಿಕದ ಅಭಿಷೇಕಕ್ಕೆ ಒಂದು ಕೊಡ ತುಂಬ ತುಪ್ಪ ಬೇಕು ಎಂದು ಆಶ್ರಮದ ಯಜಮಾನಿಕೆ ನಡೆಸುವ ರುದ್ರಗೌಡರು ಕೇಳಿದರು. ಕೊಟ್ಟ. ಶಾಲು ಹೊದಿಸಿದರು. ಹೊದ್ದುಕೊಂಡ.

ಹೊಳೆದಂಡೆಯ ಆ ಆಶ್ರಮದಲ್ಲಿ ಅವನು ಜೇನು ಸಾಕುತ್ತಿದ್ದದ್ದು ಹೊಟ್ಟೆಪಾಡಿಗಲ್ಲ, ಪ್ರೀತಿಗೆ. ಎರಿ ಹಿಂಡಿದ್ದೂ ಅದೇ ಪ್ರೀತಿಯ ಕೈ. ಪೆಟ್ಟಿಗೆಗಳು ಒಂದೊಂದಾಗಿ ಬರಿದಾದವು. ಕೆಲವು ಕುಟುಂಬಗಳು ಗೂಡು ಬಿಟ್ಟು ಹಾರಿಹೋದವು, ಕೆಲವು ಇದ್ದಲ್ಲೇ ಸತ್ತವು. ಉಳಿದದ್ದು ಎರಡು. ಅವೂ ಇವತ್ತೋ ನಾಳೆಯೋ ಎನ್ನುವಂತಿದ್ದವು. ಅವೂ ಹೋದರೆ ಆ ದಂಡೆಯಲ್ಲಿ ಜೇನಿನ ಸದ್ದೇ ಇಲ್ಲ.

ಆಶ್ರಮದ ಗುರು ಅಡವೆಮ್ಮ, ಎಲ್ಲರ ಪಾಲಿಗೆ ಅವ್ವ, ಬಿಸಿಲಿಗೆ ಬೆನ್ನು ಕೊಟ್ಟು ಸೊಪ್ಪು ಸೋಸುತ್ತಿದ್ದಳು. ಹಾಲಪ್ಪ ಬಂದು ಎದುರು ಕೂತ.

"ಅವ್ವಾ, ಜೇನು ಸಾಯ್ತಿದಾವೆ. ಏನೋ ರೋಗ."

"ಹಂಗಾರೆ ಆ ಶಾಲು ಅವಕ್ಕೆ ಹೊದಿಸು. ಚಳಿಯಾಗಿರಬೇಕು."

ಹಾಲಪ್ಪ ಶಾಲು ತೆಗೆದು ಮಡಚಿ ಕಂಕುಳಲ್ಲಿಟ್ಟುಕೊಂಡ.

"ಈಗೇನು ಮಾಡಲಿ?"

"ಪೆಟ್ಟಿಗೆಯನ್ನ ಹಿಂದಿನಿಂದ ಒಂದಿಷ್ಟು ಎತ್ತು."

"ತೆರೆದು ನೋಡಿದರೆ ಆಗಲ್ವಾ?"

"ತೆರೆದು ತೆರೆದೇ ಈ ಗತಿ ತಂದೆ. ಎತ್ತು."

ಎತ್ತಿದ. ಅಂಗಳದ ಅಂಚಿನ ಪೆಟ್ಟಿಗೆ ಬರಿ ಬುಟ್ಟಿಯ ಹಾಗೆ ಮೇಲೆ ಬಂತು. ಇಷ್ಟು ವರ್ಷ ಜೇನು ಸಾಕಿದವನು ಒಮ್ಮೆಯೂ ಪೆಟ್ಟಿಗೆಯ ತೂಕ ನೋಡಿರಲಿಲ್ಲ.

"ಹಗುರ," ಅಂದ.

ಅವ್ವ ಸೊಪ್ಪಿನಿಂದ ಕಣ್ಣೆತ್ತಲಿಲ್ಲ.

"ಹಸಿವು," ಅಂದ.

"ಈಗ ಹೇಳಿದೆ ನೋಡು, ರೋಗದ ಹೆಸರು."

ಉಳಿದ ಎರಡನ್ನೂ ಅವನು ಮೊದಲೇ ತೆರೆದು ನೋಡಿದ್ದ. ಒಂದು ಪೆಟ್ಟಿಗೆಯಲ್ಲಿ ರಾಣಿ ಇತ್ತು, ಸುತ್ತ ಹಿಡಿಯಷ್ಟೇ ಹುಳ. ಇನ್ನೊಂದರಲ್ಲಿ ಹುಳ ಇದ್ದವು, ರಾಣಿ ಇರಲಿಲ್ಲ.

"ಎರಡನ್ನೂ ಒಂದಕ್ಕೇ ಸುರಿದುಬಿಡಲಾ ಅವ್ವಾ?"

"ಸುರಿ. ಸಂಜೆಗೆ ಬಂದು ಹೆಣ ಗುಡಿಸು."

ಅವ್ವ ಸೊಪ್ಪಿನ ಕೆಳಗೆ ಹಾಸಿದ್ದ ಹಳೆ ಪೇಪರ್ ಎಳೆದು ಕೊಟ್ಟಳು. ಅದರಲ್ಲಿ ಕಾರ್ತಿಕದ ಅಭಿಷೇಕದ ಫೋಟೊ ಇತ್ತು. ಶಾಲು ಹೊದ್ದ ಹಾಲಪ್ಪನೂ ನಗುತ್ತಾ ನಿಂತಿದ್ದ.

"ಒಂದರ ಮೇಲೊಂದು ಪೆಟ್ಟಿಗೆ ಇಡು. ನಡುವೆ ಇದನ್ನ ಹಾಸು."

"ಪೇಪರ್ ಎಷ್ಟು ಹೊತ್ತು ತಡೀತದೆ?"

"ಎರಡರ ವಾಸನೆ ಒಂದಾಗೋವರೆಗೂ. ಆಮೇಲೆ ಕಚ್ಚಾಡಲ್ಲ, ಪೇಪರನ್ನ ಅವೇ ಕಡಿದು ಹಾಕ್ತಾವೆ. ನೀನು ಕೈಹಾಕಬೇಡ."

ಹಾಗೇ ಮಾಡಿದ. ಬೇರೆ ಜೇನು ಬಂದು ಕದಿಯದಂತೆ ಬಾಗಿಲನ್ನು ಕಿರಿದು ಮಾಡಿದ. ಸಂಜೆ ಸಕ್ಕರೆ ಪಾಕವನ್ನು ಒಳಗೇ ಇಟ್ಟ. ಮೇಲೆ ಗೋಣಿಚೀಲ ಹೊದಿಸಿದ. ತೆರೆದು ನೋಡಬೇಕೆಂದು ಕೈ ತುರಿಸುತ್ತಿತ್ತು. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಪೆಟ್ಟಿಗೆಯ ಸುತ್ತ ತಿರುಗಿದ.

ಒಂದು ಬೆಳಿಗ್ಗೆ ಬಾಗಿಲ ಮುಂದೆ ಪೇಪರಿನ ಚೂರು ಬಿದ್ದಿದ್ದವು. ಹೆಣ ಒಂದೂ ಇಲ್ಲ. ಶಾಲೂ ಇಲ್ಲ, ನಗುವೂ ಇಲ್ಲ, ಎಲ್ಲ ಪುಡಿ. ಆ ಫೋಟೊಗೆ ಅಷ್ಟು ಒಳ್ಳೆಯ ಉಪಯೋಗ ಬೇರೆ ಆಗುತ್ತಿರಲಿಲ್ಲ.

ತೊಗರಿ ಹೂವಾಯಿತು. ಜೇನು ಹೊಲಕ್ಕೆ ಬಿದ್ದವು. ಹಾಲಪ್ಪ ಆಗಾಗ ಪೆಟ್ಟಿಗೆ ಎತ್ತಿ ನೋಡುತ್ತಿದ್ದ. ಬರಬರುತ್ತಾ ಅದು ನೆಲ ಬಿಡಲು ಒಪ್ಪಲಿಲ್ಲ.

ಶಿವರಾತ್ರಿ ಬಂತು. ರುದ್ರಗೌಡರು ಜನ ಕಟ್ಟಿಕೊಂಡು, ಕೊಡ ಹಿಡಿದು ಬಂದರು.

"ಪೆಟ್ಟಿಗೆ ತುಂಬಿದೆಯಂತಲ್ಲ ಹಾಲಪ್ಪ. ತೆಗಿ ತುಪ್ಪ."

"ಇಲ್ಲ ಗೌಡ್ರೆ."

"ಖಾಲಿನಾ?"

"ತುಂಬಿದೆ. ಕೊಡಲ್ಲ."

"ದೇವರಿಗೇ ಇಲ್ಲ ಅಂತೀಯೇನೋ?"

"ದೇವರು ಕೇಳಿಲ್ಲ. ಕೇಳ್ತಿರೋರು ನೀವು. ಹೊಂಗೆ ಹೂ ಬಿಡೋವರೆಗೂ ಇದು ಮರಿಗಳ ಊಟ. ಹೋದ ಸಲ ಹಿಂಡಿ ಕೊಟ್ಟೆ, ಸತ್ತವು. ಆ ಕೊಲೆಯಲ್ಲಿ ಕೈ ನಂದು, ಬಾಯಿ ನಿಮ್ಮದು."

ಗೌಡರ ಮುಖ ಕೆಂಪಾಯಿತು.

"ಈ ಪೆಟ್ಟಿಗೇನ ಹೊಳೆಗೆ ಹಾಕಿಸ್ತೀನಿ."

ಹಾಲಪ್ಪ ಪೆಟ್ಟಿಗೆಗೆ ಒರಗಿ ಕೂತ. "ಎತ್ತೋರು ಬನ್ನಿ. ನಾನೂ ಸ್ವಲ್ಪ ಭಾರ ಇದೀನಿ."

ಯಾರೋ ಕಿಸಕ್ಕನೆ ನಕ್ಕರು. ಗೌಡರು ಗುರುವಿನ ಕಡೆ ತಿರುಗಿದರು.

"ಅವ್ವನವರೆ, ನಿಮ್ಮ ಶಿಷ್ಯನಿಗೆ ಒಂದಿಷ್ಟು ಬುದ್ಧಿ ಹೇಳಿ."

"ಹೇಳಿದೀನಿ ಗೌಡ್ರೆ. ಈಗಷ್ಟೇ ತಲೆಗೆ ಹತ್ತಿದೆ."

ಆಶ್ರಮದ ಬಾಗಿಲಲ್ಲಿ ಹೂ ಕಟ್ಟುವ ಗೌರಕ್ಕ ಗುಂಪಿನಿಂದ ಮುಂದೆ ಬಂದಳು. ಸೆರಗಿನ ಗಂಟು ಬಿಚ್ಚಿ ಬೆಲ್ಲದ ಹೆಂಟೆಯೊಂದನ್ನು ಕೊಡದೊಳಕ್ಕೆ ಹಾಕಿದಳು.

"ಈ ಸಲ ಬೆಲ್ಲ ಆಗ್ತದೆ ಬಿಡ್ರಿ. ದೇವರಿಗೆ ಎಲ್ಲಾ ಒಂದೇ."

ಇನ್ನೊಬ್ಬಳು ಮನೆಗೆ ಓಡಿ ಬೆಲ್ಲ ತಂದಳು. ಮತ್ತೊಬ್ಬರು ತಂದರು. ಕೊಡ ತುಂಬಿತು. ಹೊತ್ತುಕೊಂಡು ಹೋಗಬೇಕಾದವರು ಗೌಡರೇ. ಹೊತ್ತರು. ಅಭಿಷೇಕ ನಡೆಯಿತು, ಯಾವ ಕುಂದೂ ಇಲ್ಲದೆ.

ಹೊಂಗೆ ಹೂ ಬಿಟ್ಟಿತು. ದಂಡೆಯುದ್ದಕ್ಕೂ ಮರಗಳು ಗುಂಯ್ ಎಂದವು. ಪೆಟ್ಟಿಗೆಯಲ್ಲಿ ಹೊಸ ರಾಣಿಗಳು ಹುಟ್ಟಿದವು. ಒಂದು ಕುಟುಂಬ ಎರಡಾಯಿತು, ಎರಡೂ ಮತ್ತೆ ಒಡೆದವು. ಮೂಲೆಗೆ ಬಿದ್ದಿದ್ದ ಖಾಲಿ ಪೆಟ್ಟಿಗೆಗಳೆಲ್ಲ ತುಂಬಿ, ಇನ್ನಷ್ಟು ಪೆಟ್ಟಿಗೆ ಮಾಡಿಸಬೇಕಾಯಿತು. ಸುತ್ತಲ ಊರಿನವರು ಜೇನು ಕುಟುಂಬ ಕೇಳಿಕೊಂಡು ಬಂದು ಸಾಲುಗಟ್ಟಿ ನಿಂತರು.

ಸಾಲಿನ ಕೊನೆಯಲ್ಲಿ ರುದ್ರಗೌಡರೂ ನಿಂತಿದ್ದರು.

"ನನಗೂ ಒಂದು ಕೊಡ್ತೀಯೇನಪ್ಪ? ಹಿತ್ತಲಲ್ಲಿ ಇಟ್ಕೊಂತೀನಿ."

ಹಾಲಪ್ಪ ಅವ್ವನ ಮುಖ ನೋಡಿದ.

ಅವ್ವ ಎದ್ದು ನಿಂತು, ಸಾಲಿನ ಆ ತುದಿಗೂ ಕೇಳುವಂತೆ ಹೇಳಿದಳು:

"ಕೊಡು. ತಗೊಂಡು ಹೋಗೋರೆಲ್ಲ ಕೇಳ್ರಿ. ಚಳಿಗೆ ಮುಂಚೆ ನಿಮ್ಮ ಬಾಗಿಲಿಗೂ ಯಾರೋ ಬರ್ತಾರೆ, ದೊಡ್ಡ ಹೆಸರು ಹೇಳಿ ಮರಿಗಳ ಪಾಲು ಕೇಳ್ತಾರೆ. ಬಗ್ಗಬೇಡಿ. ಮುಖ ನೋಡಿ, ಬಾಯಿಬಿಟ್ಟು, ಇಲ್ಲ ಅನ್ನಿ. ಆವತ್ತು ಏಕಾಏಕಿ ನಾಲಗೆ ಏಳಲ್ಲ, ಇವತ್ತೇ ರೂಢಿ ಶುರು ಮಾಡಿ."