ಗೋರಂಟಿಯ ಕೆಳಗಿನ ಉಗುರು

“ಪರದೆಯಾಚೆಯಿಂದ ಮೂರು ಕೈ ಹೊರಬರುತ್ತವೆ. ಉಗುರು ನೋಡಿ ಒಗಟು ಒಡೆದವನಿಗೆ ನನ್ನ ಮಗಳು ಪದ್ಮಲೆ. ತಪ್ಪಿದವನ ತಲೆ ಹೋಗುತ್ತದೆ.” ಕಲ್ಗುಡಿಯ ಬಿಜ್ಜರಸ ಹೀಗೆ ಡಂಗುರ ಸಾರಿಸಿದ. ಒಗಟು ಕಟ್ಟಿದವಳು ಪದ್ಮಲೆ. ಅವಳಿಗೇನೋ ಕಾಯಿಲೆ, ಏನೆಂದು ಕೇಳಿದರೆ ಅರಮನೆಯವರೆಲ್ಲ ನಕ್ಕು ಮಾತು ಮರೆಸುತ್ತಿದ್ದರು. ನಿಜ ಹೇಳುವವನನ್ನೇ ಕಟ್ಟಿಕೊಳ್ಳುತ್ತೇನೆ ಎಂದು ಹಟ ಹಿಡಿದಳು. ತಲೆಯ ಷರತ್ತು ಮಾತ್ರ ಅರಸನದು, ಯಾರೂ ಬರದಿರಲಿ ಅಂತ. ಅವನಿಗೇನು, ಹೋಗುವ ತಲೆ ಅವನದಲ್ಲವಲ್ಲ!

ಮೊದಲ ಕೈಯ ಉಗುರು ಬೆಳ್ಳಗೆ, ನಡುವೆ ತಗ್ಗು. “ಊರಿಗೆಲ್ಲ ಉಣಬಡಿಸುವ ಕೈಯಿದು. ಇದರ ಉಗುರಲ್ಲಿ ನೀರ ಹನಿ ನಿಲ್ಲುವುದೇಕೆ?” ಎಂದು ಪದ್ಮಲೆ ಪರದೆಯೊಳಗಿಂದ ಕೇಳಿದಳು. ಒಬ್ಬ ರಾಜಕುಮಾರ ಅದು ಲಕ್ಷ್ಮಿಯ ಕಳೆ ಎಂದ, ಸತ್ತ. ಇನ್ನೊಬ್ಬ ಹೇಗೋ ಅದನ್ನು ದಾಟಿದ, ಎರಡನೆಯ ಕೈಯಲ್ಲಿರುವುದು ಮುಳ್ಳು ಗೀರಿದ ಗಾಯ ಎಂದ, ಅವನೂ ಸತ್ತ.

ಆಮೇಲೆ ಹೆಗಲ ಮೇಲೆ ಬಳೆಗಳ ಮಲಾರ ಹೊತ್ತು ಬಳೆಗಾರ ಸಿಂಗ ಬಂದ. ಊರೂರಿನ ಕೈ ಹಿಡಿದು ಉಗುರು ಓದಲು ಕಲಿತವನು, ಹಬ್ಬಹಬ್ಬಕ್ಕೂ ಪದ್ಮಲೆಗೆ ಬಳೆ ತೊಡಿಸಿದವನು. ಮನಸ್ಸನ್ನು ಅಲ್ಲೇ ಬಿಟ್ಟು ಬರುತ್ತಿದ್ದ, ಪಾಪ.

ಇದು ಅಡುಗೆಯವಳ ಕೈ, ಎಲ್ಲರಿಗೂ ಬಡಿಸಿ ತಾನು ತಳ ಹತ್ತಿದ್ದನ್ನು ತಿಂದವಳು, ಮೈಯಲ್ಲಿ ರಕ್ತವಿಲ್ಲದೆ ಉಗುರು ಸೌಟಿನಂತೆ ಬಗ್ಗಿದೆ ಎಂದ ಸಿಂಗ. ನಾಳೆಯಿಂದ ಹೊಟ್ಟೆತುಂಬ ಹಾಕಿಸುತ್ತೇನೆ ಎಂದು ಅರಸ ಗೊಣಗಿದ.

ಎರಡನೆಯ ಕೈಯ ಉಗುರಿಗೆ ಅಡ್ಡ ಗೆರೆ. “ಯಾರೂ ಉಳದ ಹೊಲ, ಅಡ್ಡಕ್ಕೊಂದು ಸಾಲು. ಆ ಸಾಲು ತಾನೇ ನಡೆದು ಬದು ಸೇರುತ್ತದೆ. ಏನದು?”

ಇದು ದಾಸಿಯ ಕೈ, ಜೋರು ಜ್ವರ ಬಂದು ಉಗುರು ಬೆಳೆಯುವುದು ನಿಂತಾಗ ಬಿದ್ದ ಗೆರೆ, ಉಗುರು ಬೆಳೆದಂತೆ ತುದಿಗೆ ಸರಿದು ಹೋಗುತ್ತದೆ, ಈಕೆ ಜ್ವರ ಗೆದ್ದು ಉಳಿದಳು ಎಂದ ಸಿಂಗ.

ಮೂರನೆಯ ಕೈ ಗೋರಂಟಿಯಿಂದ ಕೆಂಪಗಿತ್ತು. “ಈ ಕೆಂಪಿನ ಕೆಳಗೆ ಏನಿದೆ?”

ಆ ಕೈ ಯಾರದೆಂದು ಸಿಂಗನಿಗೆ ಗೊತ್ತು. ಬೆರಳ ತುದಿಗಳು ಉಬ್ಬಿದ್ದವು. ಬುಡದಲ್ಲಿ ಹೊಸದಾಗಿ ಮೂಡಿದ ಉಗುರು ನೀಲಿ. ಸುಳ್ಳು ಹೇಳಿದರೆ ತನ್ನ ತಲೆ ಹೋಗುತ್ತದೆ, ನಿಜ ಹೇಳಲು ನಾಲಗೆ ಏಳುತ್ತಿಲ್ಲ.

“ಸಿಂಗ, ನೀನೂ ನಗಬೇಡ” ಎಂದಳು ಪದ್ಮಲೆ.

“ಅಮ್ಮಣ್ಣಿ, ಕೆಂಪಿನ ಕೆಳಗೆ ನೀಲಿಯಿದೆ. ನಿಮ್ಮ ಗುಂಡಿಗೆ ಸೋತಿದೆ. ಬಹಳ ದಿನ ಇಲ್ಲ.”

ಆ ಕೈ ಇನ್ನಷ್ಟು ಮುಂದೆ ಬಂತು. “ಸರಿ. ಬಳೆ ತೊಡಿಸು.”

ಮದುವೆಯಾಯಿತು. ಮುಂದಿನ ಗೌರಿಹಬ್ಬಕ್ಕೆ ಅವಳಿರಲಿಲ್ಲ. ಗಂಡ ಸತ್ತರೆ ಹೆಂಗಸಿನ ಬಳೆ ಒಡೆಯಲು ಊರೇ ಓಡಿಬರುತ್ತದೆ. ಹೆಂಡತಿ ಸತ್ತರೆ ಗಂಡಸು ಏನು ಒಡೆಯಬೇಕು? ಸಿಂಗ ತನ್ನ ಮಲಾರವನ್ನೇ ಅರಮನೆಯ ಮೆಟ್ಟಿಲಿಗೆ ಅಪ್ಪಳಿಸಿದ. ಚೂರು ಗುಡಿಸಲು ಅಡುಗೆಯವಳು ಬಂದಳು. ಅವಳ ಉಗುರಲ್ಲಿ ಇನ್ನೂ ನೀರು ನಿಲ್ಲುತ್ತಿತ್ತು.